ಕದ್ದ ಸಾಸಿವೆ

ಸಾಸಿವೆ ಗಿಡದ ಜೀನಿಗೆ ಕೈ ಹಾಕಿದವರ ಗುಂಪಿನಲ್ಲಿ ನಾನೂ ಇದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಸಿರ್ಸಿ ಸೀಮೆಯಲ್ಲಿ ಈ ವಿಷಯ ತಡವಾಗಿ ಗೊತ್ತಾದರೆ, ಅಲ್ಲಿಯವರೆಗೆ ನಗುನಗುತ್ತ ಮಾತಾಡಿದ್ದಕ್ಕೂ ಜನ ಪೇಚಾಡುತ್ತಾರೆ.

ತೊಂಬತ್ತರ ದಶಕ ಮುಗಿದು ಹೊಸ ಶತಮಾನ ಶುರುವಾಗುವ ಆ ವರ್ಷಗಳಲ್ಲಿ ಮದುವೆಮನೆಗೆ ಹೋಗುವುದೆಂದರೆ ನನಗೆ ಪರೀಕ್ಷೆಗೆ ಹೋದ ಹಾಗಾಗುತ್ತಿತ್ತು. ಊಟದ ಪಂಕ್ತಿಯಲ್ಲಿ ಕೂತರೆ ಎದುರು ಸಾಲಿನಿಂದ ಯಾರಾದರೊಬ್ಬರು ಸಾರಿನ ಒಗ್ಗರಣೆ ತೋರಿಸಿ, ಇದು ನಿನ್ನ ಸಾಸಿವೆಯೋ ನಮ್ಮ ಸಾಸಿವೆಯೋ ಎಂದು ಕೇಳುವರು. ಪಂಕ್ತಿಗೆ ಪಂಕ್ತಿಯೇ ನಗುವುದು. ನಾನು ಸುಮ್ಮನಿರುವವಳಲ್ಲ. ಇದು ಅಂಗಡಿ ಸಾಸಿವೆ, ಎಲ್ಲಿಂದ ಬಂತು, ಯಾವ ಔಷಧಿ ಹೊಡೆಸಿಕೊಂಡು ಬಂತು ಅಂತ ನಿಮಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ, ನನ್ನದಾಗಿದ್ದರೆ ಹುಟ್ಟಿನಿಂದ ಜಾತಕ ಹೇಳುತ್ತಿದ್ದೆ ಎನ್ನುತ್ತಿದ್ದೆ. ಆಮೇಲೆ ಪಾಯಸ ಬರುವವರೆಗೂ ನನ್ನನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ನಮ್ಮವರ ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ಹೊಳೆಗೆ ಅಣೆಕಟ್ಟು ಬೇಡ ಎಂದು ಬೀದಿಗೆ ಇಳಿದವರು, ಮರ ಕಡಿಯಲು ಬಂದಾಗ ಕಾಡಿನಲ್ಲಿ ಹೋಗಿ ನಿಂತವರು ಇವರು. ಕುಲಾಂತರಿ ಎಂಬ ಶಬ್ದ ಕಿವಿಗೆ ಬಿದ್ದರೆ ಇನ್ನೊಂದು ಅಣೆಕಟ್ಟು ಬಂತೆಂದೇ ಅವರಿಗೆ ಅನ್ನಿಸುತ್ತಿತ್ತು. ಅವರ ಬಗ್ಗೆ ನನಗೆ ಗೌರವ ಇತ್ತು, ಈಗಲೂ ಇದೆ. ಆದರೆ ಗೌರವ ಇದೆಯೆಂದು ತಲೆ ತಗ್ಗಿಸಿ ಕೂರುವುದು ನನ್ನ ಜಾಯಮಾನದಲ್ಲಿ ಇಲ್ಲ.

ನನಗೂ ನನ್ನದೇ ಕಾರಣ ಇತ್ತು. ಸಿದ್ದಾಪುರದ ಕಡೆಯ ನಮ್ಮ ಮನೆಯಲ್ಲಿ ಆಯಿ, ಅಂದರೆ ನನ್ನ ಅಮ್ಮ, ದೋಸೆ ಕಾವಲಿಗೆ ಎಣ್ಣೆ ಸುರಿದದ್ದನ್ನು ನಾನು ನೋಡಿಲ್ಲ. ಬಾಳೆಎಲೆಯ ದಂಟಿನ ತುಂಡನ್ನು ಎಣ್ಣೆಗೆ ಮುಟ್ಟಿಸಿ ಕಾವಲಿಗೆ ಸವರುತ್ತಿದ್ದಳು. ಸೊಸೈಟಿಗೆ ತಾಳೆ ಎಣ್ಣೆ ಬಂದಿದೆ ಎಂದು ಸುದ್ದಿಯಾದರೆ ಡಬ್ಬಿ ಹಿಡಿದು ಸಾಲಿನಲ್ಲಿ ನಿಲ್ಲುವ ಕೆಲಸ ನನ್ನದು. ಕಡಲಾಚೆಯ ಯಾವುದೋ ದೇಶದಿಂದ ಬಂದ ಆ ಎಣ್ಣೆ ನಮ್ಮ ಚಳಿಗೆ ಹೆಪ್ಪುಗಟ್ಟಿ ಡಬ್ಬಿಯಿಂದ ಈಚೆ ಬರುತ್ತಲೇ ಇರಲಿಲ್ಲ. ಬೆಳಿಗ್ಗೆ ಅಂಗಳದ ಬಿಸಿಲಿಗೆ ಇಟ್ಟು, ಅದು ಕರಗುವವರೆಗೆ ಆಯಿ ಒಗ್ಗರಣೆಗೆ ಕಾಯುತ್ತಿದ್ದಳು. ಎಳ್ಳು, ಶೇಂಗಾ, ಕುಸುಬಿ, ಹುಚ್ಚೆಳ್ಳು, ಸಾಸಿವೆ ಎಲ್ಲ ಬೆಳೆಯಲು ಬರುವ ದೇಶದಲ್ಲಿ ನನ್ನ ಆಯಿ ಪರದೇಶದ ಎಣ್ಣೆಯನ್ನು ಬಿಸಿಲಿಗಿಟ್ಟು ಕಾಯಬೇಕೇ ಎಂದು ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು. ಕೃಷಿ ಓದಲು ಹೋಗಿದ್ದು ಆ ಸಿಟ್ಟಿನಿಂದ.

ಓದು ಮುಗಿದ ಮೇಲೆ ಸೇರಿದ ಸಂಸ್ಥೆಯಲ್ಲಿ ಸಾಸಿವೆಯ ಇಳುವರಿ ಹೆಚ್ಚಿಸುವ ಕೆಲಸ ನಡೆದಿತ್ತು. ಸಾಸಿವೆ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗೇ ಇರುತ್ತವೆ. ತನ್ನ ಪರಾಗದಿಂದಲೇ ತಾನು ಕಾಳು ಕಟ್ಟಿಕೊಳ್ಳುತ್ತದೆ. ಹಾಗಾಗಿ ಬೇರೆ ಬೇರೆ ತಳಿಗಳನ್ನು ಕೂಡಿಸಿ ಹೈಬ್ರಿಡ್ ಮಾಡುವುದು ಕಷ್ಟ. ನಾವು ಒಂದು ತಳಿಗೆ ಹೊರಗಿನ ಜೀನ್ ಸೇರಿಸಿ ಅದರ ಪರಾಗ ಒಣಗುವಂತೆ ಮಾಡಿದ್ದೆವು. ಆಗ ಅದು ಕಾಳು ಕಟ್ಟಬೇಕಾದರೆ ಪಕ್ಕದ ತಳಿಯ ಪರಾಗ ಪಡೆಯಲೇಬೇಕು. ಆ ಪಕ್ಕದ ತಳಿಗೆ ಇನ್ನೊಂದು ಜೀನ್ ಸೇರಿಸಿದ್ದೆವು. ಹುಟ್ಟುವ ಮಗುವಿನಲ್ಲಿ ಪರಾಗ ಮತ್ತೆ ಸರಿಯಾಗುವಂತೆ ಮಾಡುವುದು ಅದರ ಕೆಲಸ. ಹೀಗೆ ಹುಟ್ಟಿದ ಹೈಬ್ರಿಡ್ ಗಿಡ ಎತ್ತರ ಬೆಳೆದು, ಕೊಂಬೆ ಒಡೆದು, ಬುಡದಿಂದ ತುದಿಯವರೆಗೆ ಕಾಯಿ ಬಿಡುತ್ತಿತ್ತು. ಮೊದಲ ವರ್ಷ ಆ ಗಿಡಗಳ ನಡುವೆ ನಿಂತಾಗ ನನ್ನ ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆ ಏನಿಲ್ಲ.

ನಮ್ಮಲ್ಲಿ ಸಾಸಿವೆ ಎಣ್ಣೆ ಯಾರು ತಿನ್ನುತ್ತಾರೆ ಎಂದು ಕೇಳುವವರಿದ್ದರು. ಯಾರೂ ತಿನ್ನುವುದಿಲ್ಲ, ಉತ್ತರದವರು ತಿನ್ನುತ್ತಾರೆ. ಅವರಿಗೆ ಅಷ್ಟು ಎಣ್ಣೆ ಅಲ್ಲೇ ಸಿಕ್ಕಿದರೆ ಪರದೇಶದ ಡಬ್ಬಿ ಅಷ್ಟು ಕಡಿಮೆಯಾಯಿತು. ಪ್ರಯೋಗದ ತಾಕನ್ನು ಸಿರ್ಸಿಯ ಪೂರ್ವಕ್ಕೆ, ಬಯಲುಸೀಮೆ ಶುರುವಾಗುವಲ್ಲಿ ಮಾಡಿದ್ದಕ್ಕೂ ನಮ್ಮಲ್ಲಿ ಅದರ ಬೆಳೆ ಇಲ್ಲದ್ದೇ ಕಾರಣ. ಸುತ್ತ ಎಲ್ಲೂ ಸಾಸಿವೆಯನ್ನು ಗದ್ದೆ ಬೆಳೆಯಾಗಿ ಬೆಳೆಯುವವರಿರಲಿಲ್ಲ. ನಮ್ಮ ಪರಾಗ ಹಾರಿದರೂ ಕೂಡಲು ಜೊತೆ ಸಿಗುವುದಿಲ್ಲ ಎಂಬ ಲೆಕ್ಕಾಚಾರ. ಎರಡು ಸುತ್ತು ಬೇಲಿ, ಬೀಗ, ಒಬ್ಬ ಕಾವಲುಗಾರ. ಒಂದೇ ಒಂದು ಕಾಳು ಹೊರಗೆ ಹೋಗಬಾರದು ಎಂಬುದು ನಮ್ಮ ಮೊದಲ ನಿಯಮ.

ಈಗ ನನ್ನ ಚಿಕ್ಕಿಯ ವಿಷಯ ಹೇಳಬೇಕು. ಆಯಿಯ ತಂಗಿ. ಚಿಕ್ಕಪ್ಪ ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಸಿರ್ಸಿ ಪಕ್ಕದ ಇಸಳೂರಿನಲ್ಲಿ ಸೈಟು ತಗೊಂಡು ಆರ್‌ಸಿಸಿ ಮನೆ ಕಟ್ಟಿಸಿದ್ದರು. ಮನೆ ಸಣ್ಣದು, ಅಂಗಳ ಇನ್ನೂ ಸಣ್ಣದು, ಹಿತ್ತಲು ಅಂದರೆ ಬಟ್ಟೆ ಒಗೆಯುವ ಕಲ್ಲು ಮತ್ತು ಅದರಾಚೆ ಒಂದಿಷ್ಟು ಮಣ್ಣು. ಅಷ್ಟರಲ್ಲೇ ಚಿಕ್ಕಿ ಡೇರೆ, ದಾಸವಾಳ, ಬಸಳೆ, ಹೀರೆ ಎಲ್ಲ ತುಂಬಿಸಿದ್ದಳು. ಒಂದನ್ನೂ ದುಡ್ಡು ಕೊಟ್ಟು ತಂದಿರಲಿಲ್ಲ, ಕೇಳಿಯೂ ತಂದಿರಲಿಲ್ಲ. ಎಲ್ಲವೂ ಕದ್ದದ್ದು.

ಇದು ಚಿಕ್ಕಿಯೊಬ್ಬಳ ಗುಣ ಅಲ್ಲ. ನಮ್ಮ ಕಡೆಯ ಹೆಂಗಸರೆಲ್ಲ ಹಾಗೇ. ಕೇಳಿ ತಂದ ಗಿಡ ಬದುಕುವುದಿಲ್ಲ, ಕದ್ದು ತಂದದ್ದು ಹುಲುಸಾಗಿ ಬರುತ್ತದೆ ಎಂದು ನಂಬಿಕೆ. ಈ ಕಳವಿಗೆ ಅದರದ್ದೇ ಆದ ಮರ್ಯಾದೆ ಇದೆ. ಬುಡಸಮೇತ ಕೀಳುವಂತಿಲ್ಲ, ಒಂದು ಟೊಂಗೆ ಅಥವಾ ಒಂದು ಚಿಟಿಕೆ ಬೀಜ. ಮನೆಯಾಕೆ ಇರುವಾಗಲೇ ಕದಿಯಬೇಕು, ಇಲ್ಲದಾಗ ಕದ್ದರೆ ಅದು ನಿಜವಾದ ಕಳವು. ಮನೆಯಾಕೆಯ ಪಾಲಿನ ಕೆಲಸವೆಂದರೆ, ಬಂದವಳ ಕೈ ಗಿಡದ ಕಡೆ ಹೋದದ್ದು ಕಂಡ ಕೂಡಲೇ ಬೆನ್ನು ತಿರುಗಿಸುವುದು. ಚಾ ಮಾಡ್ತೆ ಎಂದು ಒಳಗೆ ಹೋಗಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒಳಗಿರುವುದು. ಆಮೇಲೆ ಇಬ್ಬರೂ ಆ ಮಾತು ಎತ್ತುವಂತಿಲ್ಲ. ಸಿದ್ದಾಪುರದ ಡೇರೆ ಯಲ್ಲಾಪುರ ತಲುಪಿದ್ದು, ಯಲ್ಲಾಪುರದ ಹೀರೆ ಸಿರ್ಸಿಗೆ ಬಂದದ್ದು ಹೀಗೆ ಬೆನ್ನು ತಿರುಗಿಸಿಕೊಂಡೇ.

ಆ ಸಲ ಶಿವರಾತ್ರಿಯ ಆಸುಪಾಸಿನಲ್ಲಿ ಚಿಕ್ಕಿ ನನ್ನನ್ನು ನೋಡಲು ತಾಕಿಗೆ ಬಂದಳು. ಆಲೆಮನೆ ಬೆಲ್ಲದ, ಕಾಗದದಷ್ಟು ತೆಳುವಾದ ಹೊಸ ತೊಡೆದೇವು ಮಾಡಿದ್ದಳಂತೆ, ಅದು ಮುರಿಯಬಾರದೆಂದು ಸ್ಟೀಲಿನ ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು. ಮನೆಯವರು ಬಂದರೆ ಶೆಡ್ಡಿನವರೆಗೆ ಬಿಡಬಹುದಿತ್ತು, ಒಳಬೇಲಿಯ ಆಚೆಗೆ ಇಲ್ಲ. ಚಿಕ್ಕಿಯೂ ಆಚೆಗೆ ಹೋಗಲಿಲ್ಲ. ಆದರೆ ಕಾಯಿಯ ಭಾರಕ್ಕೆ ಬಾಗಿದ ಕೊಂಬೆಗಳು ಬೇಲಿಯ ಸಂದಿಯಲ್ಲಿ ಈಚೆಗೆ ಬಂದಿದ್ದವು. ನಾನು ಶೆಡ್ಡಿನೊಳಗೆ ಕೈಕಾಲು ತೊಳೆಯುತ್ತಿದ್ದೆ. ಹೊರಗೆ ಇದ್ದದ್ದು ಚಿಕ್ಕಿ ಮತ್ತು ಕಾವಲುಗಾರ. ಆಮೇಲೆ ಮೂವರೂ ಕೂತು ತೊಡೆದೇವು ತಿಂದೆವು. ಚಿಕ್ಕಿ ಸಾಸಿವೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಷ್ಟು ಹೊತ್ತು ಗಿಡದ ಮಾತೆತ್ತದ ಚಿಕ್ಕಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ, ಆದರೂ ಹೊಳೆಯಲಿಲ್ಲ.

ಮುಂದಿನ ಚಳಿಗಾಲದ ಒಂದು ಭಾನುವಾರ ಊಟಕ್ಕೆಂದು ಇಸಳೂರಿಗೆ ಹೋದೆ. ತಾಕಿನಲ್ಲಿ ಎರಡನೆಯ ವರ್ಷದ ಬೆಳೆ ಹೂವಿಗೆ ಬಂದಿತ್ತು, ನಾನು ಬಹಳ ಖುಷಿಯಲ್ಲಿದ್ದೆ. ಕೈ ತೊಳೆಯಲು ಹಿತ್ತಲಿಗೆ ಹೋದವಳು ಒಗೆಯುವ ಕಲ್ಲಿನ ಹತ್ತಿರ ನಿಂತುಬಿಟ್ಟೆ. ಆಚೆಯ ಮಣ್ಣು ತುಂಬ ಹಳದಿ ಹೂ. ನಮ್ಮ ಕಡೆಯ ಸಾಸಿವೆ ಕುಳ್ಳು ಗಿಡ. ಇಲ್ಲಿ ಕೆಲವು ನನ್ನ ಎದೆಯವರೆಗೆ ಬೆಳೆದಿದ್ದವು, ಕೆಲವು ಮೊಣಕಾಲನ್ನೂ ಮುಟ್ಟಿರಲಿಲ್ಲ. ಒಂದೊಂದೇ ಗಿಡದ ಹೂ ಕಿತ್ತು ಎಸಳು ಬಿಡಿಸಿ ನೋಡುತ್ತ ಹೋದೆ. ಸ್ವಲ್ಪ ಹುಡುಕಿದ ಮೇಲೆ ಒಂದು ಗಿಡದಲ್ಲಿ ಕೇಸರಗಳು ಮುರುಟಿಕೊಂಡಿದ್ದವು, ಉಗುರಿಗೆ ಪರಾಗ ಹತ್ತಲಿಲ್ಲ. ಅಂಥ ಹೂವನ್ನು ಮಾಡಿದವರು ನಾವು. ಆ ಸೀಮೆಯಲ್ಲಿ ಇನ್ನೆಲ್ಲಿಯೂ ಅದು ಇರಲು ಸಾಧ್ಯವಿರಲಿಲ್ಲ.

ಗೋಡೆಯ ಪಕ್ಕದಲ್ಲಿ ಚಿಕ್ಕಪ್ಪನ ತುಡುವೆ ಜೇನಿನ ಪೆಟ್ಟಿಗೆ ಇತ್ತು. ಹುಳುಗಳು ಆ ಹೂವಿಗೂ ಪೆಟ್ಟಿಗೆಗೂ, ಪಕ್ಕದ ಮನೆಗಳ ಹಿತ್ತಲಿಗೂ ಓಡಾಡುತ್ತಿದ್ದವು. ಆ ಹಿತ್ತಲುಗಳಲ್ಲೂ ಒಗ್ಗರಣೆಗೆಂದು ಒಂದೊಂದು ಹಿಡಿ ಊರ ಸಾಸಿವೆ ಇತ್ತು. ಹುಳು ಹೋದ ಹಿತ್ತಲುಗಳನ್ನು ಒಂದೊಂದಾಗಿ ಎಣಿಸಿದೆ.

ಚಿಕ್ಕಿಯನ್ನು ಕರೆದು ಕೇಳಿದೆ. ಅವಳು ಮುಚ್ಚಿಡಲಿಲ್ಲ, ಆದರೆ ನನ್ನ ಕಡೆ ನೋಡಿದ್ದು ಮಾತ್ರ ಅಸಭ್ಯ ಪ್ರಶ್ನೆ ಕೇಳಿದವಳನ್ನು ನೋಡಿದ ಹಾಗೆ. ಕದ್ದದ್ದನ್ನು ಬಾಯಿಬಿಟ್ಟು ಕೇಳುವುದು ಎಲ್ಲಿಯ ಪದ್ಧತಿ ಎಂಬ ಮುಖ. ಇವನ್ನೆಲ್ಲ ಈಗಲೇ ಕೀಳಬೇಕು ಎಂದೆ. ಅವಳು ಒಗೆಯುವ ಕಲ್ಲಿನ ಮೇಲೆ ಕೂತಳು.

"ಎಂತಕ್ಕೆ ಕೀಳವು? ವಿಷವಾ ಇದು?"

ಅಲ್ಲ ಎಂದೆ.

"ಪ್ಯಾಟೆಯವ್ವು ವಿಷ ಹೇಳಿ ಬೈತ ಇದ್ದ. ನೀನು ಅಲ್ಲ ಹೇಳಿ ಎಲ್ಲರ ಹತ್ರ ಜಗಳ ಆಡಿದೆ. ಆನು ನಿನ್ನ ನಂಬಿದಿ. ನಂಬಿದ್ದಕ್ಕೇ ತಂದು ಬಿತ್ತಿದ್ದು. ಈಗ ನೀನೇ ಕೀಳು ಹೇಳ್ತೆ."

ಇಡೀ ಸಿರ್ಸಿಯಲ್ಲಿ ನನ್ನ ಸಾಸಿವೆಯನ್ನು ನಂಬಿದ ಒಬ್ಬಳೇ ಹೆಂಗಸು ಅವಳು, ಅವಳ ಹಿತ್ತಲನ್ನೇ ನಾನು ಕೀಳಬೇಕಾಗಿತ್ತು. ವಿಷ ಅಲ್ಲ, ಆದರೆ ಪರೀಕ್ಷೆ ಮುಗಿದಿಲ್ಲ, ಮುಗಿಯುವವರೆಗೆ ಹೊರಗೆ ಬರಬಾರದು ಎಂದು ತಿಳಿಸಿ ಹೇಳಲು ನೋಡಿದೆ. ಅವಳು ಕೇಳಿಸಿಕೊಳ್ಳುತ್ತ ಗಿಡಗಳ ಕಡೆಯೇ ನೋಡುತ್ತಿದ್ದಳು. ಎತ್ತರದ್ದು ಬಂದ ಚಂದ ನೋಡು, ನಮ್ಮ ಸಾಸಿವೆ ಹೀಗೆ ಬಂದದ್ದು ತಾನು ಕಂಡಿಲ್ಲ ಎಂದಳು. ಉಳಿದವು ಯಾಕೆ ಹೀಗೆ ಮೋಟಾಗಿವೆ ಎಂದು ಕೇಳಿದಳು. ಹೈಬ್ರಿಡ್ಡಿನ ಕಾಳನ್ನು ಮತ್ತೆ ಬಿತ್ತಿದರೆ ತಾಯಿಯ ಹಾಗೆ ಬರುವುದಿಲ್ಲ, ಹಂಚಿಹೋಗುತ್ತದೆ, ಪ್ರತಿ ವರ್ಷ ಹೊಸ ಬೀಜವನ್ನೇ ತರಬೇಕು ಎಂದೆ.

ಚಿಕ್ಕಿ ಹತ್ತಿರದ ಮೋಟು ಗಿಡವೊಂದನ್ನು ಮುಟ್ಟಿ ನೋಡಿದಳು.

"ಹಂಗಾದ್ರೆ ವರ್ಷಾ ವರ್ಷಾ ನಿಂಗಳ ಬಾಗ್ಲಿಗೆ ಬರವಾ ಬೀಜಕ್ಕೆ?"

ಮದುವೆ ಪಂಕ್ತಿಗಳಲ್ಲಿ ಎಂಥೆಂಥವರಿಗೆ ಉತ್ತರ ಕೊಟ್ಟವಳು ನಾನು. ಚಿಕ್ಕಿಯ ಮುಂದೆ ಕೈಯಲ್ಲಿದ್ದ ಹೂವಿನ ಎಸಳು ಕೀಳುತ್ತ ನಿಂತೆ. ಗಿಡ ಮಾತ್ರ ಕೀಳುವುದಿಲ್ಲ ಎಂದು ಚಿಕ್ಕಿ ಎದ್ದು ಒಳಗೆ ಹೋದಳು. ಅವಳು ಬಡಿಸಿದ್ದನ್ನು ಉಂಡು ನಾನು ಬಸ್ಸು ಹತ್ತಿದೆ.

ಮರುದಿನ ನಮ್ಮ ಹಿರಿಯ ವಿಜ್ಞಾನಿಗೆ ವಿಷಯ ತಿಳಿಸಿದೆ. ಅವರು ಕೆಟ್ಟವರಲ್ಲ, ಬೇರೆ ಊರಿನವರು. ಕೇಳಿ ಗಾಬರಿಯಾದರು, ಆಮೇಲೆ ಬೇಗನೆ ದಾರಿ ಹುಡುಕಿದರು. ಹಿತ್ತಲಿನ ಗಿಡ ಕಿತ್ತು ಸುಟ್ಟುಬಿಡು. ಕಾವಲುಗಾರನ ನಿರ್ಲಕ್ಷ್ಯದಿಂದ ಸ್ವಲ್ಪ ಕಾಯಿ ಕಳುವಾಗಿತ್ತು, ಅವನನ್ನು ತೆಗೆದುಹಾಕಿದ್ದೇವೆ, ಗಿಡಗಳನ್ನು ನಾಶಮಾಡಿದ್ದೇವೆ ಎಂದು ವರದಿ ಬರೆದರೆ ಸಾಕು. ಅಕ್ಕಪಕ್ಕದ ಹಿತ್ತಲಿನ ಮಾತು, ಜೇನಿನ ಮಾತು ಬೇಡ. ಸಾಸಿವೆ ಕಾಳಷ್ಟು ವಿಷಯ ಎಂದರು. ಹಾಗೆ ಬರೆದರೆ ತಾಕು ಉಳಿಯುತ್ತದೆ, ಕಟಾವಿನವರೆಗೆ ಹೋಗುತ್ತದೆ. ಇದ್ದದ್ದು ಇದ್ದ ಹಾಗೆ ಬರೆದರೆ ಹೂವಿನಲ್ಲೇ ಸುಡಬೇಕಾಗುತ್ತದೆ.

ನನಗೆ ಆಸೆಯಾಯಿತು. ಆಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಇನ್ನೊಂದು ಕಟಾವು ಸಿಕ್ಕಿದರೆ ಈ ಗಿಡ ಎಷ್ಟು ಕಾಳು ಕೊಡುತ್ತದೆ ಎಂದು ಯಾರ ಮುಂದೆ ಬೇಕಾದರೂ ತೋರಿಸಬಹುದಿತ್ತು. ಪಂಕ್ತಿಯಲ್ಲಿ ನಕ್ಕವರ ಬಾಯಿ ಮುಚ್ಚಿಸಬಹುದಿತ್ತು. ವರದಿಗೆ ಸಹಿ ಹಾಕಬೇಕಾದವಳು ನಾನು. ಅದಕ್ಕೆ ಮುಂಚೆ ಕಾವಲುಗಾರನನ್ನು ಒಂದು ಮಾತು ಕೇಳಬೇಕೆನ್ನಿಸಿತು.

ಅವನು ಆ ಬಯಲಿನ ರೈತ. ಸ್ವಂತ ಗದ್ದೆ ಇತ್ತು, ಭತ್ತದ ಕೊಯ್ಲು ಮುಗಿದ ಮೇಲೆ ನಮ್ಮಲ್ಲಿ ಕಾವಲಿಗೆ ಬರುತ್ತಿದ್ದ. ಕಳೆದ ವರ್ಷ ದನ ನುಗ್ಗಲು ಬಿಟ್ಟವನಲ್ಲ, ಬೇಲಿ ಹಾರಿದ ಹುಡುಗರನ್ನು ಊರವರೆಗೂ ಅಟ್ಟಿಸಿಕೊಂಡು ಹೋದವನು. ಚಿಕ್ಕಿ ಕಾಯಿ ಕಿತ್ತದ್ದು ಕಂಡಿದ್ದೆಯಾ ಎಂದು ಕೇಳಿದೆ. ಅವನು ತಡವರಿಸಲೇ ಇಲ್ಲ.

"ಕಂಡಿದ್ನಿರಿ ಅಕ್ಕಾರ. ಅವ್ವಾರು ಸೆರಗಿನ ತುದಿಗೆ ಕಟ್ಟಿಕೊಂಡ್ರು. ನಾ ಮಾರಿ ಆಚೆ ಮಾಡಿ ನಿಂತ್ನಿ. ಹೆಣ್ಮಕ್ಕಳು ಬೀಜಕ್ಕ ಕೈ ಹಾಕಿದಾಗ ನೋಡಬಾರದಲ್ರಿ."

ಕಳ್ಳರನ್ನು ಹಿಡಿಯಲೆಂದೇ ಸಂಬಳ ಕೊಟ್ಟು ಇಟ್ಟ ಮನುಷ್ಯ ಅವನು. ಆದರೆ ಅವನ ಪಾಲಿಗೆ ಅಲ್ಲಿ ಕಳವೇ ನಡೆದಿರಲಿಲ್ಲ. ಹಿರಿಯ ಹೆಂಗಸೊಬ್ಬಳು ಬೀಜ ತೆಗೆದುಕೊಂಡಳು, ಮರ್ಯಾದಸ್ಥನೊಬ್ಬ ಮುಖ ತಿರುಗಿಸಿದ, ಅಷ್ಟೆ. ಕೆಲಸ ಹೋಗಬಹುದು ಎಂದೆ. ಕೆಲಸ ಹೋದರೆ ಹೋಗಲಿ, ಗದ್ದೆ ಇದೆ, ಆದರೆ ಕಾವಲು ತಪ್ಪಿದವ ಎಂದು ಊರಲ್ಲಿ ಅನ್ನಿಸಿಕೊಂಡು ಹೇಗೆ ಬದುಕುವುದು ಎಂದು ಕೇಳಿದ. ಅದನ್ನು ಹೇಳುವಾಗ ಮಾತ್ರ ಅವನ ದನಿ ಸಣ್ಣದಾಯಿತು.

ಸಂಜೆಯ ಬಸ್ಸಿಗೆ ಮತ್ತೆ ಇಸಳೂರಿಗೆ ಹೋಗಿ ಚಿಕ್ಕಿಗೆ ಇದನ್ನೆಲ್ಲ ಹೇಳಿದೆ. ಗಿಡ ಕೀಳು ಎಂದು ಈ ಸಲ ಹೇಳಲಿಲ್ಲ. ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು, ಅಂವ ಬೆನ್ನು ತಿರುಗಿಸಿದ್ದು ನನ್ನ ಮರ್ಯಾದೆಗೆ ಎಂದಷ್ಟೇ ಹೇಳಿದಳು.

ಮರುದಿನ ನಾನು ಮತ್ತು ಹಿರಿಯ ವಿಜ್ಞಾನಿ ಶೆಡ್ಡಿನಲ್ಲಿ ಕೂತಿರುವಾಗ ಚಿಕ್ಕಿ ಬಂದಳು. ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಹಿರಿಯರು ಎದ್ದು ಕುರ್ಚಿ ಕೊಟ್ಟರು, ಅವಳು ಕೂರಲಿಲ್ಲ. ನಮ್ಮ ಮನೆ ಮಾತು ಬಿಟ್ಟು, ಅವರಿಗೆ ತಿಳಿಯುವ ಹಾಗೆ ನಿಧಾನವಾಗಿ ಮಾತಾಡಿದಳು.

"ಕದ್ದವಳು ನಾನು. ಬರೆಯೋದಾದ್ರೆ ನನ್ನ ಹೆಸರು ಬರೀರಿ. ಅವನ ಹೆಸರು ಬರೆದ್ರೆ, ಇಲ್ಲಿ ನಡೆದದ್ದನ್ನು ಸಿರ್ಸಿ ಪೇಟೆಯಲ್ಲಿ ನಿಂತು ನಾನೇ ಹೇಳ್ತೇನೆ."

ಹಿರಿಯರು ನನ್ನ ಕಡೆ ನೋಡಿದರು. ವಯಸ್ಸಾದವರನ್ನು ಇದರಲ್ಲೆಲ್ಲ ಎಳೆಯುವುದು ಬೇಡ, ಕರೆದುಕೊಂಡು ಹೋಗು ಎಂದು ಆ ನೋಟದ ಅರ್ಥ. ನಾನು ಏಳಲಿಲ್ಲ. ಅವರು ಬರೆದಿಟ್ಟ ವರದಿಯನ್ನು ಅವರ ಕಡೆಗೇ ಸರಿಸಿದೆ.

"ನಿರ್ಲಕ್ಷ್ಯ ಎಂದು ಬರೆದರೆ ನಾನು ಸಹಿ ಹಾಕುವುದಿಲ್ಲ ಸರ್. ಈ ಸೀಮೆಯಲ್ಲಿ ಯಾರನ್ನು ಕಾವಲಿಗೆ ಇಟ್ಟರೂ ಬೆನ್ನು ತಿರುಗಿಸುತ್ತಾರೆ. ನನ್ನನ್ನೇ ಇಟ್ಟಿದ್ದರೂ."

ಇಷ್ಟು ವರ್ಷದ ಕೆಲಸವನ್ನು ಬೆಂಕಿಗೆ ಹಾಕುತ್ತಿದ್ದೀಯ, ಗೊತ್ತಿದೆಯೇ ಎಂದು ಅವರು ಕೇಳಿದರು. ಗೊತ್ತಿದೆ ಎಂದೆ. ಅವರ ಮೇಜಿನ ಎದುರೇ ಕೂತು ಇನ್ನೊಂದು ವರದಿ ಬರೆದೆ. ಕದ್ದವಳು ನನ್ನ ಚಿಕ್ಕಿ, ನೋಡಿದವನು ಕಾವಲುಗಾರ, ಅವನು ತಿರುಗಿ ನಿಂತದ್ದು ಇಲ್ಲಿನ ಪದ್ಧತಿ, ಹಾಗಾಗಿ ಎಷ್ಟು ಬೇಲಿ ಹಾಕಿದರೂ ಈ ಊರಿನಲ್ಲಿ ಬೀಜ ಒಳಗೇ ಉಳಿಯುವುದಿಲ್ಲ, ಜೇನು ಓಡಾಡಿದ ಹಿತ್ತಲುಗಳನ್ನೂ ನೋಡಬೇಕು ಎಂದು ಬರೆದೆ. ಕೆಳಗೆ ನನ್ನ ಸಹಿ ಹಾಕಿದೆ. ಚಿಕ್ಕಿ ಪಕ್ಕದಲ್ಲಿ ತನ್ನದೂ ಹಾಕಿದಳು, ಯಾರೂ ಕೇಳದಿದ್ದರೂ.

ಕೆಲವೇ ದಿನಗಳಲ್ಲಿ ಮೇಲಿನಿಂದ ಆಜ್ಞೆ ಬಂತು. ತಾಕಿನ ಗಿಡಗಳನ್ನೆಲ್ಲ ಹೂವಿದ್ದ ಹಾಗೆಯೇ ಕಿತ್ತು ರಾಶಿ ಹಾಕಿದೆವು. ಹಸಿ ಗಿಡ ಬೇಗ ಹತ್ತಿಕೊಳ್ಳುವುದಿಲ್ಲ. ಕಾವಲುಗಾರ ಒಣ ಹುಲ್ಲು ತಂದು ಒಟ್ಟಿ ಹಚ್ಚಿದ. ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು ಬಂದಿತ್ತು, ಹಾಗಾಗಿ ನನ್ನದು ಯಾರಿಗೂ ಬೇರೆ ಕಾಣಲಿಲ್ಲ. ಅವನ ಮೇಲೆ ಯಾವ ಮಾತೂ ಬರಲಿಲ್ಲ. ತಾಕೇ ಇಲ್ಲದ ಮೇಲೆ ಕಾವಲೂ ಇಲ್ಲವೆಂದು ಗದ್ದೆಗೆ ಹೋದ.

ಇಸಳೂರಿನ ಹಿತ್ತಲುಗಳನ್ನು ನೋಡಲು ಮೇಲಿನವರ ಜೀಪು ಬಂದದ್ದು ಅದರ ಮರುದಿನ, ನಾನೂ ಅದರಲ್ಲಿದ್ದೆ. ಚಿಕ್ಕಿಯ ಹಿತ್ತಲಿನಲ್ಲಿ ಅವರಿಗೆ ಕೆಲಸ ಇರಲಿಲ್ಲ. ಅವಳೇ ಎಲ್ಲ ಗಿಡ ಕಿತ್ತು, ಬೇರಿನ ಮಣ್ಣು ಝಾಡಿಸಿ, ಗೋಣಿಚೀಲದಲ್ಲಿ ತುಂಬಿ ಬಾಗಿಲಲ್ಲಿ ಇಟ್ಟಿದ್ದಳು. ಎತ್ತರದ ಒಂದು ಗಿಡವನ್ನು ಕೈಯಲ್ಲಿ ಹಿಡಿದಿದ್ದವಳು ಅದನ್ನು ಕೊನೆಗೆ ಚೀಲಕ್ಕೆ ಹಾಕಿ ನನಗೆ ಹೇಳಿದಳು, "ಮತ್ತೆ ಮಾಡ್ತೆ ಹೇಳಾದ್ರೆ, ಕದಿಯಲೆ ಬಪ್ಪಂಥದ್ದು ಮಾಡು."

ಆಮೇಲೆ ಅಕ್ಕಪಕ್ಕದ ಹಿತ್ತಲುಗಳ ಊರ ಸಾಸಿವೆಯನ್ನೂ ಕಿತ್ತರು. ಜೇನು ಓಡಾಡಿದ್ದರಿಂದ ಅದು ಆಗಲೇಬೇಕಿತ್ತು, ನನ್ನ ವರದಿಯಲ್ಲೇ ಬರೆದಿದ್ದೆ. ಎಲ್ಲ ಮನೆಗಳ ಹೆಂಗಸರು ಹೊರಗೆ ಬಂದರು. ಯಾರೂ ಜಗಳ ಮಾಡಲಿಲ್ಲ, ಬೈಯಲಿಲ್ಲ. ಹಿತ್ತಲ ಮೆಟ್ಟಿಲಲ್ಲಿ, ಬಾವಿಕಟ್ಟೆಯ ಹತ್ತಿರ, ಬಟ್ಟೆ ಒಣಹಾಕುವ ತಂತಿಯ ಕೆಳಗೆ ನಿಂತು, ಬಂದವರು ಸಾಸಿವೆ ಕೀಳುವುದನ್ನು ಕೊನೆಯ ಗಿಡದವರೆಗೂ ನೋಡಿದರು. ಒಬ್ಬಳೂ ಬೆನ್ನು ತಿರುಗಿಸಲಿಲ್ಲ. ಇಡೀ ಜೀವನದಲ್ಲಿ ನನಗೆ ಅಷ್ಟು ನಾಚಿಕೆಯಾದದ್ದಿಲ್ಲ.

ಸುದ್ದಿ ಸಿರ್ಸಿಯಲ್ಲಿ ಹಬ್ಬಿದ ಮೇಲೆ ನನಗೆ ಇದ್ದಕ್ಕಿದ್ದ ಹಾಗೆ ಮರ್ಯಾದೆ ಹೆಚ್ಚಿತು. ಪಂಕ್ತಿಯಲ್ಲಿ ನಕ್ಕವರಲ್ಲೇ ಒಬ್ಬರು, ಹೋರಾಟ ಮಾಡಿದ ಹಿರಿಯರು, ಮನೆಗೆ ಬಂದರು. ಸಭೆ ಇಟ್ಟುಕೊಂಡಿದ್ದೇವೆ, ಶಾಲು ಹೊದಿಸುತ್ತೇವೆ, ಕುಲಾಂತರಿ ಬೀಜ ವಿಷ ಎಂದು ಒಳಗಿದ್ದವಳೇ ಹೇಳಿದರೆ ಜನಕ್ಕೆ ನಾಟುತ್ತದೆ ಎಂದರು. ಅಂತೂ ಬುದ್ಧಿ ಬಂತಲ್ಲ ಎಂದು ಪ್ರೀತಿಯಿಂದಲೇ ಸೇರಿಸಿದರು.

ನಾನು ಅವರಿಗೆ ಚಹಾ ಕೊಟ್ಟೆ. ಬೀಜ ಬೇಲಿ ದಾಟಿತು ಎಂದು ಬರೆದದ್ದು ಅದು ನಿಜವಾದ್ದರಿಂದ. ವಿಷ ಎಂದು ಬರೆಯಲಿಲ್ಲ, ಯಾಕೆಂದರೆ ಅದು ನಿಜ ಎಂದು ತೋರಿಸುವ ಏನನ್ನೂ ನಾನು ನೋಡಿಲ್ಲ. ನನ್ನ ಸಂಸ್ಥೆಯ ಹಿರಿಯರಿಗಾಗಿ ಒಂದು ಸುಳ್ಳಿಗೆ ಸಹಿ ಹಾಕದವಳು ನಿಮಗಾಗಿ ಇನ್ನೊಂದಕ್ಕೆ ಹಾಕುವುದಿಲ್ಲ ಎಂದೆ. ಬೇಕಿದ್ದರೆ ಸಭೆಗೆ ಬರುತ್ತೇನೆ, ಇದನ್ನೇ ಹೇಳುತ್ತೇನೆ, ಶಾಲು ಬೇಡ. ಅವರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಸಭೆ ನನ್ನನ್ನು ಬಿಟ್ಟು ನಡೆಯಿತು, ಚೆನ್ನಾಗಿಯೇ ನಡೆಯಿತಂತೆ.

ಸಂಸ್ಥೆಯಲ್ಲೂ ನನಗೆ ಜಾಗ ಉಳಿಯಲಿಲ್ಲ. ಯಾರೂ ಹೋಗು ಎನ್ನಲಿಲ್ಲ, ಕೆಲಸ ಕೊಡುವುದನ್ನು ನಿಲ್ಲಿಸಿದರು. ಯಲ್ಲಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡಲು ಸೇರಿದೆ. ಹುಡುಗರಿಗೆ ಸಾಸಿವೆ ಹೂವನ್ನೇ ಬಿಡಿಸಿ ತೋರಿಸುತ್ತೇನೆ, ಅದರೊಳಗೆ ನಾವು ಮಾಡಿದ್ದೇನು ಎಂದೂ ಹೇಳುತ್ತೇನೆ. ಅದು ತಪ್ಪಲ್ಲವೇ ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ. ಎಣ್ಣೆ ಹೆಚ್ಚಿಸಹೊರಟದ್ದು ತಪ್ಪಲ್ಲ ಎನ್ನುತ್ತೇನೆ. ಆದರೆ ಬೀಜ ಕೊಡುವ ಬಾಗಿಲು ಒಂದೇ ಇರಬೇಕೇ ಎಂದು ನಮ್ಮಲ್ಲಿ ಯಾರಿಗೂ ಸಂಶಯ ಬರಲಿಲ್ಲವಲ್ಲ, ಅದನ್ನು ಕೇಳಲು ಇಸಳೂರಿನ ಒಗೆಯುವ ಕಲ್ಲಿನ ಮೇಲೆ ಕೂತ ಹೆಂಗಸೇ ಬೇಕಾಯಿತು. ಆ ಪ್ರಶ್ನೆಯನ್ನು ಬಗಲಲ್ಲಿಟ್ಟುಕೊಂಡೇ ನಾನು ಮತ್ತೆ ಲ್ಯಾಬಿಗೆ ಹೋಗುತ್ತಿದ್ದೆ, ಕರೆಯುವವರಿದ್ದರೆ.

ಚಿಕ್ಕಿ ಈಗಲೂ ಬಸ್ಸು ಹತ್ತಿ ಯಲ್ಲಾಪುರಕ್ಕೆ ಬರುತ್ತಾಳೆ. ನನ್ನ ಮನೆ ಮುಂದೆ ಒಂದಿಷ್ಟು ಊರ ಸಾಸಿವೆ ಹಾಕುತ್ತೇನೆ, ಕುಳ್ಳು ಗಿಡ, ಸಣ್ಣ ಕಾಯಿ. ಹೋದ ಸಲ ಅವಳು ಬಂದಾಗ ಕಾಯಿ ಬಲಿತಿತ್ತು. ಅಂಗಳದಲ್ಲಿ ಕೂತವಳ ಕೈ ಗಿಡದ ಕಡೆ ಹೋದದ್ದು ಕಂಡಿತು. ಚಾ ಮಾಡ್ತೆ ಎಂದು ಒಳಗೆ ಹೋದೆ. ಒಲೆ ಹಚ್ಚಿ, ಗೋಡೆಯ ಕಡೆ ಮುಖ ಮಾಡಿ ನಿಂತೆ. ಒಂದು ದಿನ ಮತ್ತೆ ಮಾಡುತ್ತೇನೆ, ಆ ಸೆರಗಿನ ಗಂಟಿನಲ್ಲಿ ಹೋಗಿ ಯಾರ ಹಿತ್ತಲಿನಲ್ಲಿ ಬಿದ್ದರೂ ತಾಯಿಯ ಹಾಗೆಯೇ ಬರುವ ಬೀಜವನ್ನು ಎಂದುಕೊಂಡೆ. ನೀರು ಕುದಿದು ಬತ್ತಿಹೋಗಿತ್ತು. ಇನ್ನೊಂದು ಲೋಟ ಹಾಕಿ ಮತ್ತೆ ಕುದಿಯಲು ಬಿಟ್ಟೆ.